ಯಾವೂರ ಮಣ್ಣು

ಮಂಡಕ್ಕಿ ಭಟ್ಟಿಯ ಹೊಗೆ ಹೊಸ್ತಿಲವರೆಗೆ ಬಂದು
ಒಳಗೆ ಬರಲು ಹಿಂಜರಿಯುವ ನನ್ನ ಔಷಧಿ ಅಂಗಡಿಗೆ
ಪೈಲ್ವಾನ್ ದುಗ್ಗಪ್ಪ ಬಂದದ್ದು ಮಂಗಳವಾರ,
ಡಾಕ್ಟರ ಚೀಟಿಯನ್ನು ಬೆರಳಿಗೆ ರುಮಾಲಿನಂತೆ ಸುತ್ತಿಕೊಂಡು.

ಕಾಲಿನ ಹುಣ್ಣಿಗೆ ಹದಿನೆಂಟು ದಿನ ಆಸ್ಪತ್ರೆ,
ಹೊತ್ತು ಹೊತ್ತಿಗೆ ಆಂಟಿಬಯಾಟಿಕ್ ಸೂಜಿ.
ಹುಣ್ಣು ಮಾಯಿತು. ಹೊಟ್ಟೆ ಮಾತ್ರ
ಜನ ಗುಳೆ ಎದ್ದ ಊರು:
ಮುದ್ದೆ ಹೋದರೂ, ಅನ್ನ ಹೋದರೂ
ಬಾ, ಕೂತ್ಕೋ ಅನ್ನುವವರಿಲ್ಲ.
ಬಂದ ದಾರಿ ಹಿಡಿದು ಹೋಗಿಬಿಡುತ್ತದೆ.

ಚೀಟಿಯಲ್ಲಿದ್ದದ್ದು ಮಣ್ಣಿನ ಜೀವಾಣುವಿನ ಗುಳಿಗೆ,
ದಿನಕ್ಕೊಂದು. ಒಂದಕ್ಕೆ ಮೂವತ್ತೆಂಟು ರೂಪಾಯಿ.
"ಏನೈತವ್ವ ಇದ್ರಾಗೆ?"
ಮಣ್ಣಲ್ಲಿರೋ ಸಣ್ಣ ಜೀವ, ಇನ್ನೂರು ಕೋಟಿ, ಅಂದೆ.
ಸುಮ್ಮನಿದ್ದ. ಆಮೇಲೆ,
ಹೆಣ್ಣು ನೋಡಲು ಬಂದವರ ದನಿಯಲ್ಲಿ,
"ಯಾವೂರ ಮಣ್ಣು?"

ಇಪ್ಪತ್ತೆರಡು ವರ್ಷ ಈ ಕೌಂಟರಿನ ಹಿಂದೆ ನಿಂತಿದ್ದೇನೆ.
ರಿಯಾಯ್ತಿ ಕೇಳಿದ್ದಾರೆ, ಪಥ್ಯ ಕೇಳಿದ್ದಾರೆ,
ಮೊಟ್ಟೆ ತಿನ್ನಬಹುದಾ ಅಂತ ಕೇಳಿದ್ದಾರೆ.
ಕನ್ನಡಕ ಏರಿಸಿ ಡಬ್ಬಿಯ ಇರುವೆಸಾಲು ಓದಿದೆ:
ಹಿಮಾಚಲ ಪ್ರದೇಶ.
"ಅಷ್ಟು ದೂರದ್ದಾ!
ನಮ್ಮ ರೊಟ್ಟಿ ಅದಕ್ಕೆ ಗುರುತು ಸಿಗ್ತೈತಾ?"

ಅವನ ಗರಡಿಯ ಮಣ್ಣನ್ನು ನಾನು ಕಂಡಿದ್ದೆ,
ಅಪ್ಪನ ಹೆಗಲೇರಿ, ಕಿಟಕಿಯಿಂದ.
ಹೆಣ್ಣುಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ.
ಜರಡಿ ಹಿಡಿದ ಕೆಮ್ಮಣ್ಣು, ಕೊಡಗಟ್ಟಲೆ ಮಜ್ಜಿಗೆ,
ಒಳ್ಳೆಣ್ಣೆ, ಅರಿಶಿನ, ನೂರೊಂದು ನಿಂಬೆಹಣ್ಣು.
ದುಗ್ಗಪ್ಪ, ದಾದಾಪೀರ ತುಳಿದು ತುಳಿದು ಹದ ಮಾಡಿ
ಅದರಲ್ಲೇ ಹೊರಳಾಡುತ್ತಿದ್ದರು.
ಮಣ್ಣು ಮುಕ್ಕಿಸುವುದು ಅಲ್ಲಿ ಬರೀ ಮಾತಲ್ಲ,
ಸಂಜೆಯ ಕೆಲಸ.
ಈಗ ನೀಲಿ ಮ್ಯಾಟು. ಫಿನಾಯಿಲ್ ಹಾಕಿ ಒರೆಸುತ್ತಾರೆ.
ಮಣ್ಣು ಒಂದು ಮೂಲೆಯಲ್ಲಿ, ಎರಡು ಚಾಪೆಯಗಲ.

"ಸತ್ತಿಲ್ಲ ಇವು," ಅಂದೆ, "ಬೀಜದ ಹಾಗೆ ನಿದ್ದೆ.
ಹೊಟ್ಟೆಯ ಹುಳಿ ದಾಟಿ, ಕೆಳಗಿಳಿದು, ಎಚ್ಚರಾಗುತ್ತವೆ, ಅಂತಾರೆ."
ಆ ಕೊನೆಯ ಪದ ನುಂಗಿಕೊಳ್ಳಬಹುದಿತ್ತು. ನುಂಗಲಿಲ್ಲ.
"ಎದ್ದ ಮ್ಯಾಲೆ ಅವಕ್ಕೆ ಉಣ್ಣಾಕೆ ಏನು ಹಾಕ್ಲಿ?
ಗರಡಿ ಮಣ್ಣಿಗೆ ವಾರಕ್ಕೊಮ್ಮೆ ಮಜ್ಜಿಗೆ ಹಾಕ್ಬೇಕು.
ಇಲ್ಲಾಂದ್ರೆ ಬರೀ ಧೂಳು ಅದು."
ಡಬ್ಬಿಯ ಮೇಲೆ ಅದಕ್ಕೆ ಉತ್ತರ ಇರಲಿಲ್ಲ.

ಮರುದಿನ ಟವೆಲ್ಲಿನಲ್ಲಿ ಒಂದು ಹೆಂಟೆ ತಂದ.
"ಇದನ್ನೇ ಒಂದು ಚಿಟಿಕೆ ತಿಂದ್ರೆ?"
ಬೇಡ ಅಂದೆ. ಗಟ್ಟಿಯಾಗಿಯೇ ಅಂದೆ.
ಕಾಲಿಗೆ ಕೀವು ತಂದದ್ದು ಇದೇ ಇರಬಹುದು,
ಧನುರ್ವಾಯು, ಕೊಕ್ಕೆಹುಳ ಎಲ್ಲಾ ಇದೇ ಮನೆಯವರು.
ಮುಖ ಕೆಂಪಾಯಿತು ಅವನದು, ತಾಯಿಯನ್ನು ಬೈದ ಹಾಗೆ.
ಆರು ಗುಳಿಗೆ ಕೊಂಡು, ಬಾಕಿ ಬರೆಸಿ,
ಹೆಂಟೆ ಅಲ್ಲೇ ಬಿಟ್ಟು ಹೋದ.

ಮಧ್ಯಾಹ್ನ ಗಿರಾಕಿ ಇಲ್ಲ.
ಒಂದು ಗುಳಿಗೆ ಬಿಚ್ಚಿ ಅಂಗೈಗೆ ಸುರಿದುಕೊಂಡೆ:
ಬೂದಿಬಣ್ಣ, ವಾಸನೆಯಿಲ್ಲ.
ಮೂವತ್ತೆಂಟು ರೂಪಾಯಿ ನನ್ನ ಲೆಕ್ಕಕ್ಕೆ.
ಆಮೇಲೆ ಹೆಂಟೆ ಎತ್ತಿಕೊಂಡೆ.
ಹುಳಿ ಮಜ್ಜಿಗೆ, ಅರಿಶಿನ, ಹುಡುಗರ ಕಂಕುಳು.
ಐವತ್ತೊಂದನೇ ವಯಸ್ಸಿಗೆ ಗರಡಿಯ ಒಳಗೆ ಹೋಗಿದ್ದೆ,
ಅಸಿಡಿಟಿ ಮಾತ್ರೆಗಳ ಕಪಾಟಿಗೆ ಒರಗಿಕೊಂಡೇ.
ಕೈ ತೊಳೆದೆ. ಔಷಧಿ ಅಂಗಡಿಯವಳು, ತೊಳೆಯಲೇಬೇಕು.
ಉಗುರ ಸಂದಿಯದು ಹೋಗಲಿಲ್ಲ.

ಇಪ್ಪತ್ತು ದಿನದ ಮೇಲೆ ಬೀದಿಯಿಂದಲೇ ಕೂಗಿದ,
ಎದುರಾಳಿಯ ಬೆನ್ನು ನೆಲಕ್ಕೆ ಹಚ್ಚಿದವನಂತೆ,
"ಹೊಟ್ಟೆ ಹಸಿಯಾಕತ್ತೈತಿ ಕಣವ್ವ!"
ಗುಳಿಗೆಯೋ, ಹೆಂಡತಿ ಕೆಂಚಮ್ಮನ ತಂಗಳು ಮಜ್ಜಿಗೆಯೋ,
ಊರು ತಾನಾಗಿಯೇ ತುಂಬಿಕೊಂಡಿತೋ,
ಕದ್ದು ಒಂದು ಚಿಟಿಕೆ ತಿಂದನೋ,
ನನ್ನ ಕೇಳಬೇಡಿ.

ಮಾರ್ಕೆಟ್ಟಿಗೆ ಹೊರಟಿದ್ದ, ನಿಂಬೆಹಣ್ಣಿಗೆ.
ನೂರೊಂದಾ? ಅಂದೆ.
"ಯಾಕವ್ವ, ಉಳಿದಿರೋದು ಮೂಲೆ ಅಷ್ಟೇ.
ಇಪ್ಪತ್ತೈದು ಸಾಕು ಅದಕ್ಕೆ."